ಕತ್ತಲಲ್ಲೂ ಎದ್ದ ಗುಳ್ಳೆಗಳು

ಉಗುರಿನಷ್ಟಗಲದ ಗಾಜು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳ ಕಾಡು ಬೆಳೆಸಲು ಅವಳಿಗೆ ಖರ್ಚಾಗಿದ್ದು ಅಕ್ಕನ ಮದುವೆಯ ಊಟ, ಅಪ್ಪನ ಜೊತೆಗಿನ ಮಾತುಕತೆ, ನೆಮ್ಮದಿಯ ನಿದ್ದೆ. ಬೆಳಕು ಬಿದ್ದರೆ ಆ ಸೂಜಿಗಳು ನೀರನ್ನು ಒಡೆದು ಹೈಡ್ರೋಜನ್ ಕೊಡಬೇಕು. ಪ್ರಯೋಗಾಲಯದವರು ಅವಳನ್ನು ಸೂಜಿಮಲ್ಲಿ ಅಂತಲೇ ಕರೆಯುತ್ತಿದ್ದರು.

ಗ್ಯಾಸ್ ಅಳೆಯಲು ಹೊಸದಾಗಿ ಬಂದವನು ಮೊದಲ ದಿನವೇ ಒಂದು ಗಾಜನ್ನು ಕ್ಲಿಪ್ಪಿಗೆ ಸಿಕ್ಕಿಸಲು ಹೋಗಿ ಪಟ್ಟನೆ ಮುರಿದ.

"ಅದೇನು ಕೈಯೋ, ಇಕ್ಕಳವೋ?"

"ಕೈನೇ ಮೇಡಂ. ಕ್ಲಿಪ್ಪೇ ಒರಟು... ಮೆತ್ತಗಿನದೊಂದು ಮಾಡ್ಕೊಡ್ತೀನಿ."

ಅಲ್ಯೂಮಿನಿಯಂ ತಗಡು ಬಗ್ಗಿಸಿ, ಅಂಚು ತಿಕ್ಕಿ ನಯ ಮಾಡಿ ತಂದುಕೊಟ್ಟ. ಅವಳಿಗೋಸ್ಕರ ಯಾರೂ ಅಷ್ಟು ಮುತುವರ್ಜಿಯಿಂದ ಏನನ್ನೂ ಮಾಡಿರಲಿಲ್ಲ...

ದೀಪವಿಲ್ಲದಾಗ ಗ್ಯಾಸ್ ಬರುವುದಿಲ್ಲವೆಂದು ಖಚಿತ ಮಾಡಿಕೊಳ್ಳುವ ಕತ್ತಲ ಪರೀಕ್ಷೆಯನ್ನು ಅವಳು ಹಳೇ ಕ್ಲಿಪ್ಪಿನಲ್ಲೇ ಮುಗಿಸಿದ್ದಳು. ಹೊಸದರಲ್ಲಿ ಮತ್ತೆ ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಗುಳ್ಳೆಗಳು ಎದ್ದವು. ಅಳತೆ ಏರಿತು. ಮೇಡಂ ಹೋಗಿ 'ನೀನು' ಆಯಿತು. ಮುಖ್ಯಸ್ಥರು ಹಣ ಕೊಡುವವರನ್ನು ಕರೆದು ಸಭೆಯಿಟ್ಟರು.

ಅಲ್ಲಿ ಅವನು ಎದ್ದು ನಿಂತ. "ಈಗಷ್ಟೇ ದೀಪ ಆರಿಸಿ ನೋಡಿದೆ ಸರ್. ಕತ್ತಲಲ್ಲೂ ಗ್ಯಾಸ್ ಬರ್ತಿದೆ. ಇದು ಬೆಳಕಿನ ಕೆಲಸ ಅಲ್ಲ."

ಅವಳು ಟಿಪ್ಪಣಿ ಪುಸ್ತಕ ಮುಚ್ಚಿದಳು. ಇಷ್ಟು ದಿನ ಜೊತೆಗಿದ್ದು ಇದಕ್ಕೇನಾ... ಉಳಿದದ್ದನ್ನು ಕೇಳದೆ ಎದ್ದು ಹೊರಟಳು.

ಸಂಜೆ, ಕೆಲಸದಿಂದ ತೆಗೆದ ಪತ್ರ ಕೈಸೇರಿ ಅವಳು ಡಬ್ಬಕ್ಕೆ ಸಾಮಾನು ತುಂಬಿಕೊಳ್ಳುವಾಗ ಬಾಗಿಲಲ್ಲಿ ಬಂದು ನಿಂತ.

"ಮೊದಲು ನನಗೆ ಹೇಳಬಹುದಿತ್ತಲ್ಲ?"

"ಹೇಳೋಕೇ ಬಂದೆ. 'ಕೊನೆಗೂ ಗೆದ್ದೆ ಕಣೇ' ಅಂತ ಅಕ್ಕನಿಗೆ ಫೋನಲ್ಲಿ ಹೇಳ್ತಿದ್ದೆ ನೀನು. ಇನ್ನೊಂದು ಗಳಿಗೆ ನಿಂತಿದ್ರೆ ನಾನು ಯಾರಿಗೂ ಹೇಳ್ತಿರಲಿಲ್ಲ."

ಅವಳು ಡಬ್ಬಕ್ಕೆ ಇನ್ನೊಂದು ಪುಸ್ತಕ ತುರುಕಿದಳು.

"ತಪ್ಪು ನನ್ನ ಕ್ಲಿಪ್ಪಿಂದು. ಗಾಜು ಮುಳುಗಿಸೋ ಕ್ಷಾರದ ನೀರು ಅಲ್ಯೂಮಿನಿಯಂನ ತಿಂತಿದೆ, ಗ್ಯಾಸ್ ಅದರದ್ದೇ. ಸಭೇಲೂ ಹೇಳಿದೆ... ನೀನು ಹೋಗಿಬಿಟ್ಟಿದ್ದೆ."

"ಹಾಗಾದ್ರೆ ನನ್ನ ಸೂಜಿಗಳು?"

ಅವನು ನೆಲ ನೋಡಿದ. "ಹಳೇ ಕ್ಲಿಪ್ಪಲ್ಲಿ ಹಾಕಿ, ದೀಪ ಹಚ್ಚಿ ಅಳೆದೆ. ಏನೂ ಬರಲಿಲ್ಲ..."

ಅಳಲು ಕೂಡ ಅವಳಲ್ಲಿ ತ್ರಾಣವಿರಲಿಲ್ಲ.

"ಪ್ರೀತಿ ತೋರಿಸೋಕೆ ಬೇರೆ ಲೋಹ ಸಿಗಲಿಲ್ವಾ ನಿನಗೆ?"

"ಪ್ರೀತಿ ಅಂತ ಗೊತ್ತಾಗಿತ್ತಾ?"

"ಅಂಚು ತಿಕ್ಕಿದ್ದು ನೋಡಿದಾಗಲೇ."

"ನನ್ನನ್ನೂ ತೆಗೆದುಹಾಕಿದ್ರು. ನಿನ್ನ ಜೊತೆ ಬರ್ಲಾ?"

"ಎಲ್ಲಿಗೆ ಅಂತ ನನಗೇ ಗೊತ್ತಿಲ್ಲ."

"ಪರವಾಗಿಲ್ಲ."

"ಹಾಗಾದ್ರೆ ಡಬ್ಬ ಎತ್ಕೋ. ಭಾರ ಇದೆ."

ಕೆಲಸ ಹೋಯಿತು, ಯೋಜನೆ ಮುಚ್ಚಿತು. ಆ ಸೂಜಿಗಳು ನೀರಿನಿಂದ ಒಂದು ಗುಳ್ಳೆಯನ್ನೂ ಎಬ್ಬಿಸಲಿಲ್ಲ. ಅವಳಿಗೆ ಸಿಕ್ಕಿದ್ದು ಅವನೊಬ್ಬನೇ.