ಮನೆ ಮಕ್ಕಳ ವರ್ಷನ್

ಹಗ್ಗ ಕುಯ್ಯೋ ಸದ್ದು ಕೇಳಿದೀರಾ?

ನಾನು ಕೇಳಿದೀನಿ. ಆ ಹಗ್ಗದ ತುದೀಲಿ ನೇತಾಡ್ತಾ!

ಕೆಳಗೆ ಒಂಬತ್ತು ಮಹಡಿ. ಕೈಯಲ್ಲಿ ಸೋಪಿನ ಬಕೆಟ್. ಮೇಲೆ ಟೆರೇಸಲ್ಲಿ ಸೆಕ್ಯೂರಿಟಿಯವನು, ಎಲ್ಲರೂ ಕಂಬ ಅಂತ ಕರೆಯೋ ಆಳು, ಚಾಕು ಹಿಡ್ಕೊಂಡು ಕೂತಿದ್ದ. ಅವನಿಗೇನೂ ಅವಸರ ಇರಲಿಲ್ಲ. ತರಕಾರಿ ಹೆಚ್ಚೋ ಹಾಗೆ ಕುಯ್ತಿದ್ದ.

ತಪ್ಪು ನನ್ನದೇ. ಕಿಟಕಿ ಒರೆಸೋನ ವೇಷ ಹಾಕಿದ್ದೆ. ಬೆಳಗ್ಗೆಯಿಂದ ಒಂದೇ ಗಾಜನ್ನ ಉಜ್ತಾ ಇದ್ದೆ. ಕಂಬನಿಗೆ ಅನುಮಾನ ಬಂತು. ಸಂಬಳಕ್ಕೆ ದುಡಿಯೋನು ಯಾವತ್ತಾದ್ರೂ ಅಷ್ಟು ಉಜ್ತಾನಾ?

ಗಾಜಿನ ಆಚೆ ನನ್ನ ಬೇಟೆ. ಕಂಪನಿ ಬಾಸ್. ಊಟ ಮಾಡಿ ಕುರ್ಚೀಲೇ ಗೊರಕೆ ಹೊಡೀತಿದ್ದ. ಊರಿನ ಮಕ್ಕಳೆಲ್ಲ ಬೆರಳು ಸವೆಸೋ ಆ ಆಪ್ ಇದೆಯಲ್ಲ... ಅದು ಅವನದು.

ನನ್ನ ತಂಗಿ ಮಗಳೂ ಸವೆಸಿದ್ಲು. ಹದಿನಾಲ್ಕು ವರ್ಷ. ಕಡ್ಡಿ ಹಾಗಿರೋ ಹುಡುಗೀರ ವಿಡಿಯೋ ನೋಡಿ ನೋಡಿ ಊಟ ಬಿಟ್ಲು. ಆಮೇಲೆ ಮಾತು ಬಿಟ್ಲು. ಈಗ ಆಸ್ಪತ್ರೇಲಿ, ಮೂಗಲ್ಲಿ ಪೈಪು.

ಕಾನೂನು ಇದೆ ಸ್ವಾಮಿ. ಚಿಕ್ಕೋರು ಆಪ್ ತೆಗೆದ ತಕ್ಷಣ ‘ಇದು ನಿನ್ನ ಮನಸ್ಸಿಗೆ ಹಾನಿ ಮಾಡಬಹುದು’ ಅಂತ ತೋರಿಸಲೇಬೇಕು. ಅವಳ ಫೋನಲ್ಲೂ ತೋರಿಸ್ತಿತ್ತು. ಬಿಳಿ ಮೇಲೆ ಬಿಳಿ ಅಕ್ಷರ. ಕಣ್ಣು ಮಿಟುಕಿಸೋದ್ರೊಳಗೆ ಮಾಯ. ಹಾಲಲ್ಲಿ ಸುಣ್ಣ ಹುಡುಕಿದ ಹಾಗೆ.

ತಂಗಿ ಅಳಲಿಲ್ಲ. ವಾರ್ಡಿನ ಬಾಗಿಲಲ್ಲಿ ನನ್ನ ಕಾಲರ್ ಹಿಡಿದ್ಲು.

“ಅಣ್ಣಾ, ಕಂಡೋರಿಗೋಸ್ಕರ ಎಷ್ಟೋ ಜನರ ಕೈಕಾಲು ಮುರಿದಿದೀಯ. ನನಗೋಸ್ಕರ ಒಂದು ಮುರಿ.”

“ಯಾವುದು, ಕೈಯಾ ಕಾಲಾ?”

“ಅವನ ನಿದ್ದೆ.”

ಅದಕ್ಕೇ ನೇತಾಡ್ತಿದ್ದೆ.

ಕೊನೇ ಎಳೆ ಉಳಿದಿತ್ತು. ಗೋಡೆಗೆ ಒದ್ದು ಹಿಂದಕ್ಕೆ ತೂಗಿದೆ... ಬಕೆಟ್ ಮುಂದೆ, ನಾನು ಹಿಂದೆ... ಗಾಜು ಪುಡಿಪುಡಿ!

ಬಿದ್ದಿದ್ದು ಬಾಸ್‌ನ ಮೇಜಿನ ಮೇಲೆ. ನಂಬಲ್ವಾ? ನನ್ನ ಸೊಂಟ ಕೇಳಿ, ಇನ್ನೂ ಅದೇ ಕತೆ ಹೇಳುತ್ತೆ.

ಗೊರಕೆ ನಿಂತಿತು. ತಂಗಿ ಹೇಳಿದ ಕೆಲಸ ಆ ಮಟ್ಟಿಗೆ ಆಯ್ತು.

ಅವನ ಕತ್ತಿಗೆ ಕೈ ಹಾಕೋದ್ರಲ್ಲಿದ್ದೆ. ಹೊರಗಿಂದ ಕಾಣದ ಮೂಲೇಲಿ, ಸೋಫಾ ಮೇಲೆ ಒಂದು ಹುಡುಗಿ. ಅವನ ಮಗಳು. ನಮ್ಮ ಹುಡುಗಿ ವಯಸ್ಸೇ. ಸ್ಕೂಲಿಗೆ ರಜ ಅಂತ ಅಪ್ಪನ ಜೊತೆ ಬಂದಿದ್ಲಂತೆ. ಗಾಜು ಒಡ್ಕೊಂಡು ಬಂದ ಮನುಷ್ಯನನ್ನ ಒಂದು ಸಲ ನೋಡಿದ್ಲು. ಮತ್ತೆ ಫೋನು.

ಅವಳ ಸ್ಕ್ರೀನ್ ತುಂಬಾ ಕೆಂಪು. ಅದೇ ಆಪ್. ಅದೇ ಎಚ್ಚರಿಕೆ. ಅಕ್ಷರ ಮಾತ್ರ ಹೆಬ್ಬೆರಳು ದಪ್ಪ. ಪೂರ್ತಿ ಓದಿ, ಟೈಪ್ ಮಾಡಿ ಒಪ್ಪಿಸೋ ತನಕ ಆಪ್ ಮುಂದಕ್ಕೇ ಬಿಡಲ್ಲ.

ಇದ್ಯಾಕಮ್ಮಾ ಹಿಂಗಿದೆ ಅಂದೆ.

“ಇದು ಮನೆ ಮಕ್ಕಳ ವರ್ಷನ್ ಅಂಕಲ್. ಇಲ್ಲಿನ ಬಾಸ್‌ಗಳ ಮಕ್ಕಳಿಗೆ ಮಾತ್ರ. ಭಾರಿ ಕಾಟ.”

ಬಾಸ್ ಏನೋ ಟೆಸ್ಟಿಂಗ್, ಗೀಸ್ಟಿಂಗ್ ಅಂದ.

ಜೇಬಿಂದ ತಂಗಿ ಮಗಳ ಫೋನ್ ತೆಗೆದೆ.

“ತಗೋ ಪುಟ್ಟಾ. ಇದರಲ್ಲಿ ಯಾವ ಕಾಟಾನೂ ಇಲ್ಲ.”

“ಮುಟ್ಟಬೇಡ ಅದನ್ನ!”

ಕಿರುಚಿದ್ದು ಅಪ್ಪ.

ಅಷ್ಟೊತ್ತಿಗೆ ಬಾಗಿಲಲ್ಲಿ ಕಂಬ. ಏದುಸಿರು. ಕೈಯಲ್ಲಿ ಚಾಕು. ಮುಗೀತು ನನ್ನ ಕತೆ ಅಂದ್ಕೊಂಡೆ.

ಅವನು ನನ್ನ ನೋಡಲೇ ಇಲ್ಲ. ಆ ಕೆಂಪು ಸ್ಕ್ರೀನ್ ನೋಡ್ದ. ನನ್ನ ಕೈಯಲ್ಲಿದ್ದ ಫೋನ್ ನೋಡ್ದ.

“ಸಾರ್... ನನ್ನ ಮಗಳ ಫೋನಲ್ಲಿರೋದು ಯಾವುದು?”

ಬಾಸ್ ಓಡಿ ಹೋಗಿ ಮಗಳ ಸ್ಕ್ರೀನನ್ನ ಕೈಯಿಂದ ಮುಚ್ಚಿದ.

ಪುಟ್ಟಾ, ಹೊರಗೆ ಹೋಗಿ ನೀರು ಕುಡಿ ಅಂತ ಹುಡುಗೀನ ಕಳಿಸಿದೆ. ಮಕ್ಕಳೆದುರು ಅಪ್ಪಂದಿರಿಗೆ ಹೊಡೀಬಾರದು, ಅದು ನನ್ನ ರೂಲು.

ಕಂಬ ಬಾಗಿಲು ಹಾಕ್ದ. ಒಳಗಿಂದ.

ಹೊಡೆಯೋದೇ ಬೇಕಾಗಲಿಲ್ಲ. ಕೆಂಪು ವರ್ಷನ್ ರೆಡಿ ಇತ್ತಲ್ಲ... ಬಾಸ್ ಕಂಪ್ಯೂಟರಲ್ಲಿ ಒಂದು ಬಟನ್ ಒತ್ತಿದ. ಊರಿನ ಮಕ್ಕಳ ಫೋನೆಲ್ಲ ಕೆಂಪಾಯ್ತು. ಒತ್ತಿದ ಮೇಲೆ ಅವನಿಗೆ ಸ್ವಲ್ಪ ಧೈರ್ಯ ಬಂತು.

“ನೀನು ಹೋದ ಮೇಲೆ ವಾಪಸ್ ಬಿಳಿ ಮಾಡಿದ್ರೆ?”

“ಮಾಡು. ನಾನು ದಿನಾ ಬರ್ತೀನಿ, ಕಿಟಕಿ ಒರೆಸೋಕೆ. ಹಗ್ಗ ಕಂಬ ಹಿಡೀತಾನೆ.”

ನಮ್ಮ ಹುಡುಗಿ ಇನ್ನೂ ಆಸ್ಪತ್ರೇಲೇ. ಪೈಪು ತೆಗೆದಿಲ್ಲ. ಅದಕ್ಕೇ ನಾನೂ ಒಂದು ದಿನ ತಪ್ಪಿಸಿಲ್ಲ. ಬಾಸ್ ಹೊಸ ಗಾಜು ಹಾಕಿಸಿದಾನೆ. ಉಜ್ತೀನಿ. ಒಳಗೆ ನೋಡ್ತೀನಿ. ನಗ್ತೀನಿ. ಪರದೆ ಹಾಕಿಸಿದ. ಕಂಬ ಅದನ್ನ ಕಿತ್ತು ಹಾಕ್ದ.

ಆ ಕಟ್ಟಡದಲ್ಲಿ ಅವನ ಕಿಟಕಿ ಒಂದೇ ಫಳಫಳ. ಅಷ್ಟು ಬೆಳಕಲ್ಲಿ, ಪಾಪ, ಯಾರಿಗೆ ನಿದ್ದೆ ಬರುತ್ತೆ ಹೇಳಿ?