ಭೋಜರಾಜರ ಸ್ಟೀರಿಂಗ್

ಸಂಜೆ ಕಾಲೇಜಿನಲ್ಲಿ ಓದಿದ, ವಿಮಾ ಕಚೇರಿಯ ಗುಮಾಸ್ತ ನಾನು. ಇದನ್ನು ಹೇಳಹೊರಟ ಧೈರ್ಯಕ್ಕೆ ಕ್ಷಮೆಯಿರಲಿ. ಎಲ್ಲಾದರೂ ಎಡವಿದ್ದರೆ ತಪ್ಪು ನನ್ನದು, ಕಮಲಾಕರರದ್ದಲ್ಲ.

ಕೀಲ್ಪಾಕ್‌ನ ಭೋಜರಾಜರ ಹಳೆಯ ಅಂಬಾಸಿಡರ್‌ನಲ್ಲಿ ಒಂದು ದಿನ ಬೆಳಿಗ್ಗೆ ಸ್ಟೀರಿಂಗ್ ಚಕ್ರವೇ ಇರಲಿಲ್ಲ! ಬ್ಯಾಟರಿ ಇತ್ತು, ರೇಡಿಯೋ ಇತ್ತು. ವಿಮೆಯ ಸರ್ವೇಯರ್ ಕಮಲಾಕರರ ಜೊತೆ ನಾನು ಹೋದಾಗ, ಚಕ್ರವಿದ್ದಲ್ಲಿ ಬರಿಯ ಕಬ್ಬಿಣದ ಕಂಬ.

"ಮೆಕ್ಯಾನಿಕ್ ಸಾಯಿಯದ್ದೇ ಕೆಲಸ," ಭೋಜರಾಜರು ಎಡಗೈಯಲ್ಲಿ ಬಲಭುಜ ಒತ್ತಿಕೊಳ್ಳುತ್ತಾ ಗುಡುಗಿದರು. "ಸಂಜೆಯೊಳಗೆ ಪೊಲೀಸಿಗೆ ಕೊಡ್ತೇನೆ."

"ಸತ್ಯಮಾ ನಾನಿಲ್ಲ ಅಯ್ಯಾ!" ಸಾಯಿಯ ಕಣ್ಣು ತುಂಬಿತ್ತು.

"ನಿನ್ನೆ ಓಡಿಸಿದ್ದು ಯಾರು?" ಕಮಲಾಕರರು ಕೇಳಿದರು.

"ನಾನೇ. ನುಂಗಂಬಾಕ್ಕಂವರೆಗೆ."

"ಭುಜ ನೋಯುವುದಿಲ್ಲವೇ?"

"ಭುಜಕ್ಕೆಂತ?"

ಕಾಫಿ ತಂದ ಭೋಜರಾಜರ ಹೆಂಡತಿ ವಿನೋದಾರಿಗೆ ತಡೆಯಲಾಗಲಿಲ್ಲ. "ಎಂತದಾ? ರಾತ್ರಿಯಿಡೀ ನರಳುದು ಪಕ್ಕದ ಮನೆಯವರಾ?"

"ಪವರ್ ಸ್ಟೀರಿಂಗ್ ಇಲ್ಲದ ಕಾರು," ಕಮಲಾಕರರೆಂದರು. "ತೋಳಿನ ಬಲವೇ ಬೇಕು, ಚಕ್ರ ಅಷ್ಟು ಅಗಲ ಇದ್ದದ್ದೂ ಅದಕ್ಕೇ. ಮೊದಮೊದಲ ಕಾರುಗಳಲ್ಲಿ ಚಕ್ರವೂ ಇರಲಿಲ್ಲ — ದೋಣಿಯ ಚುಕ್ಕಾಣಿಯಂಥ ಕೋಲು."

"ಪಾಠ ಬೇಡ ಮಾರಾಯ್ರೆ, ಕಳ್ಳ ಬೇಕು!"

"ಈ ಕುಂಕುಮ?" ಕಮಲಾಕರರು ಕಂಬದ ಮೇಲಿನ ಕೆಂಪು ಗೆರೆ ತೋರಿಸಿದರು.

"ಆಯುಧಪೂಜೆಯದ್ದು."

ನಾನೂ ಹಾಗೆಯೇ ಎಣಿಸಿದ್ದೆ.

"ಪೂಜೆಗೆ ಹಚ್ಚುವುದು ಚಕ್ರಕ್ಕೆ. ಇದಿರುವುದು ಕಂಬದ ತುದಿಯಲ್ಲಿ, ಚಕ್ರದಡಿ ಮುಚ್ಚಿಹೋಗುವ ಜಾಗದಲ್ಲಿ. ಅಂದರೆ ಚಕ್ರ ಕಳಚಿದ ಮೇಲೆ ಎಳೆದ ಗೆರೆ — ಮತ್ತೆ ಕೂರಿಸುವಾಗ ಸೊಟ್ಟವಾಗದಿರಲಿ ಎಂಬ ಗುರುತು. ಮಾರುವ ಕಳ್ಳನಿಗೆ ಅದೇಕೆ? ಸಾಯಿಯಾದರೆ ಸೀಮೆಸುಣ್ಣ ಸಾಕಿತ್ತು; ಕುಂಕುಮ ಮನೆಯೊಳಗಿನದು. ವಿನೋದಕ್ಕಾ, ಚಕ್ರ ಎಲ್ಲಿ?"

ವಿನೋದಕ್ಕ ಕಾಫಿಯ ತಟ್ಟೆಯನ್ನು ಕೆಳಗಿಟ್ಟರು.

"ಅಟ್ಟದಲ್ಲಿ. ನಮ್ಮ ಹೋಟೆಲಿನ ಹಳೇ ಇಡ್ಲಿ ಕೊಪ್ಪರಿಗೆಯೊಳಗೆ," ಎಂದರು. "ಸಾಯಿ, ಪೊಲೀಸರು ಬರುವ ಮೊದಲು ನಾನೇ ಹೇಳುವವಳಿದ್ದೆ." ಗಂಡನತ್ತ ತಿರುಗಿದರು. "ಕೀ ಅಡಗಿಸಿದ್ರೆ ನೀವು ಇನ್ನೊಂದು ಮಾಡಿಸ್ತೀರಿ. ಭುಜ ಇನ್ನೊಂದು ಮಾಡಿಸ್ಲಿಕ್ಕೆ ಆಗ್ತದಾ?"

ಭೋಜರಾಜರ ದನಿ ಇಳಿಯಿತು. "ಮತ್ತೆ ಗುರುತು ಯಾಕೆ ಮಾಡಿದ್ದು?"

"ಗುಣ ಆದ ಮೇಲೆ ಹಾಕುದು ಬೇಡವಾ? ಹಿಂದೊಮ್ಮೆ ಸೊಟ್ಟ ಕೂರಿಸಿದ್ದಕ್ಕೆ ಊಟ ಬಿಟ್ಟವರು ನೀವು!"

ಭೋಜರಾಜರು ಸಾಯಿಯ ಕೈ ಹಿಡಿದರು. "ತಪ್ಪಾಯ್ತು ಮಾರಾಯ." ಆಮೇಲೆ ಹೆಂಡತಿಗೆ, "ನಡಿ, ಡಾಕ್ಟರ ಹತ್ರ ಹೋಗುವ. ಆಟೋದಲ್ಲಿ."

ಆ ಚಕ್ರದ ನಟ್ಟು ಗಟ್ಟಿಮುಟ್ಟಾದವರಿಗೂ ಸುಲಭಕ್ಕೆ ಬಗ್ಗದು. ವಿನೋದಕ್ಕ ಅದನ್ನು ಹೇಗೆ ಬಿಚ್ಚಿದರು? ಕಮಲಾಕರರು ಕೇಳಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.