ತಾನಾಗಿ ಹೊತ್ತಿಕೊಳ್ಳುವ ಬಟ್ಟೆ

ತಂಗಿಯ ಕಾಲು ಸುಟ್ಟ ದಿನ ಲಾಂಡ್ರಿಯ ಹಿಂಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಮೂಟೆಗಳನ್ನು ಪೇರಿಸಿಟ್ಟಿದ್ದರು. ಇಸ್ತ್ರಿ ಮೇಜಿನ ಸವೆದ ತಂತಿಯಿಂದ ಹಾರಿದ ಕಿಡಿ ಪರದೆಗಳ ರಾಶಿಗೆ ತಗುಲಿದಾಗ ಉಳಿದವರೆಲ್ಲ ಮುಂಬಾಗಿಲಿನಿಂದ ಓಡಿದರು. ಹಿಂದಿನ ಕೋಣೆಯಲ್ಲಿದ್ದ ಅವಳು ಒಬ್ಬಳೇ ಮೂಟೆಗಳನ್ನು ಎಳೆಯುತ್ತ ಉಳಿದಳು. ಜೀವ ಉಳಿಯಿತು, ನಡಿಗೆ ಹೋಯಿತು. ವಿಚಾರಣೆಗೆ ಬಂದವರ ಮುಂದೆ ಯಜಮಾನ, ಆ ಹುಡುಗಿಯೇ ಇಸ್ತ್ರಿ ಆರಿಸದೆ ಹರಟೆಗೆ ಹೋಗಿದ್ದಳು ಎಂದ. ಅಣ್ಣ ಅಲ್ಲೇ ನಿಂತಿದ್ದ. ತುಟಿ ಬಿಚ್ಚಲಿಲ್ಲ. ಅವನೂ ಅವನ ಹೆಂಡತಿಯೂ ಅದೇ ಲಾಂಡ್ರಿಯಲ್ಲಿ ದುಡಿಯುತ್ತಿದ್ದರು.

ಆ ಮೌನಕ್ಕೆ ಬಹುಮಾನವೆಂಬಂತೆ ಯಜಮಾನ ಅವನಿಗೆ ಬೆಂಕಿ ಸುರಕ್ಷತೆಯ ಉಸ್ತುವಾರಿ ಕೊಟ್ಟ. ಅಗ್ನಿಶಾಮಕ ಠಾಣೆಗೆ ತರಬೇತಿಗೂ ಕಳಿಸಿದ. ಅವನು ಕಲಿತು ಬಂದದ್ದನ್ನು ಮನಸ್ಸಿಟ್ಟೇ ಹೇಳಿಕೊಟ್ಟ. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ದಾರಿಗೆ ಅಡ್ಡ ಏನನ್ನೂ ಇಡಬೇಡಿ, ತಂತಿ ಸವೆದಿದ್ದರೆ ತಕ್ಷಣ ಹೇಳಿ, ಡ್ರೈಯರಿನ ಜಾಲರಿಯಲ್ಲಿ ಕೂತ ನೂಲಿನ ಧೂಳನ್ನು ದಿನವೂ ತೆಗೆಯಿರಿ ಎನ್ನುತ್ತಿದ್ದ. ಅವರು ತುತ್ತು ಅಗಿಯುತ್ತ ತಲೆಯಾಡಿಸುತ್ತಿದ್ದರು. ಬೆಂಕಿ ಮೇಷ್ಟ್ರು ಎಂದು ಹೆಸರಿಟ್ಟರು. ಹಿಂಬಾಗಿಲಿಗೆ ಮಾತ್ರ ಮತ್ತೆ ಮೂಟೆಗಳು ಬಂದು ಕೂತವು.

ಅದನ್ನು ಹೇಳಲು ಹೋದಾಗ ಯಜಮಾನ ಎಲ್ಲರಿಗೂ ಕೇಳಿಸುವ ಹಾಗೆ, "ಇನ್ನೆಲ್ಲಿದೆ ಜಾಗ ಮೇಷ್ಟ್ರೇ? ನಿಮ್ಮ ತಲೆ ಮೇಲೆ ಇಡ್ಲಾ?" ಎಂದ. ಎಲ್ಲರೂ ನಕ್ಕರು. ಅವನ ಹೆಂಡತಿ ತಲೆ ಎತ್ತದೆ ಚಾದರ ಮಡಚುತ್ತಿದ್ದಳು.

ಅಂದು ಸಂಜೆ ತಂಗಿ ಮಂಚದ ಮೇಲಿಂದಲೇ ಕೇಳಿದಳು: "ಆ ಬಾಗಿಲಿನ ಹತ್ರ ಮೂಟೆ ತೆಗೆಸಿದ್ಯಾ ಅಣ್ಣ?"

"ತೆಗೆಸಿದೆ," ಎಂದ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ಲಾಂಡ್ರಿಯನ್ನು ಸುಡಬೇಕೆಂದು ಅವನು ನಿಶ್ಚಯಿಸಿದ್ದು ಆಗಲೇ.

ಉಪಾಯ ತರಬೇತಿಯಲ್ಲೇ ಸಿಕ್ಕಿತ್ತು. ಎಣ್ಣೆ ಕುಡಿದ ಹತ್ತಿಬಟ್ಟೆ ಒಗೆದರೂ ಪೂರ್ತಿ ಎಣ್ಣೆ ಬಿಡುವುದಿಲ್ಲ. ಅಂಥದ್ದನ್ನು ಬಿಸಿಯಾಗಿರುವಾಗಲೇ ಒತ್ತಿ ಗಂಟು ಕಟ್ಟಿದರೆ ಒಳಗಿನ ಕಾವು ಹೊರಗೆ ಹೋಗದೆ ಬೆಳೆಯುತ್ತದೆ. ಗಂಟೆಗಟ್ಟಲೆ ಕಳೆದ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಡ, ಹಚ್ಚುವ ಕೈ ಬೇಡ. ಎಣ್ಣೆ ಹಚ್ಚಿ ಮೈ ತಿಕ್ಕುವ ಮಾಲೀಸು ಕೇಂದ್ರದಿಂದ ಅಂಥ ಟವೆಲುಗಳು ಪ್ರತಿ ವಾರ ಬರುತ್ತಿದ್ದವು. ಆ ಟವೆಲುಗಳ ಬಿಸಿ ಗಂಟನ್ನು ಒಳಗೆ ಬಿಟ್ಟು ಮನೆಗೆ ಹೋಗಬೇಡಿ ಎಂದು ಅವನೇ ಎಲ್ಲರಿಗೂ ಎಚ್ಚರಿಸಿದ್ದ. ಅದೂ ಈಗ ಅವನ ಕಡೆಗೇ ಸಾಕ್ಷಿ. ಬೆಂಕಿಯ ಮೂಲ ಪತ್ತೆಯಾದರೂ, ಮೇಷ್ಟ್ರು ಹೇಳಿದ್ದನ್ನು ಯಾರೂ ಕೇಳಲಿಲ್ಲ ಎಂದಾಗುತ್ತದೆ. ಮೂಟೆಗಳಿಂದ ಮುಚ್ಚಿಹೋಗಿದ್ದ ಹಿಂಬಾಗಿಲಿನ ಸಂಗತಿಯೂ ಹೊರಬೀಳುತ್ತದೆ. ಈ ಸಲ ದೂರಲು ಯಜಮಾನನಿಗೆ ಯಾವ ಹುಡುಗಿಯೂ ಸಿಗುವುದಿಲ್ಲ.

ಯಾರಿಗೂ ಪೆಟ್ಟಾಗಬಾರದು, ಅದೊಂದರಲ್ಲಿ ಅವನು ಗಟ್ಟಿಯಾಗಿದ್ದ. ವಾರದ ರಜೆಯ ಹಿಂದಿನ ದಿನ ಲಾಂಡ್ರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಒಂದು ಪಕ್ಕ ಖಾಲಿ ಜಾಗ, ಇನ್ನೊಂದು ಪಕ್ಕ ಪಾಳು ಗೋದಾಮು. ಕೆಲಸ ಎಲ್ಲರಿಗೂ ಹೋಗುತ್ತದೆ, ಅವನಿಗೂ ಹೆಂಡತಿಗೂ ಹೋಗುತ್ತದೆ. ಆಮೇಲೇನು ಎಂಬುದನ್ನು ಅವನು ಯೋಚಿಸಲೇ ಇಲ್ಲ. ಆಮೇಲೆ ಎಂಬ ಮಾತು ಅವರ ಮನೆಯಲ್ಲಿ ನಿಂತುಹೋಗಿ ಬಹಳ ದಿನವಾಗಿತ್ತು.

ಆ ಮಧ್ಯಾಹ್ನ ಟವೆಲುಗಳನ್ನು ತಾನೇ ಒಣಗಿಸಿದ. ಕೈ ಸುಡುವಷ್ಟು ಬಿಸಿಯಿರುವಾಗಲೇ ಮಡಚಿ, ಮೊಣಕಾಲೂರಿ ಒತ್ತಿ ಗಂಟು ಕಟ್ಟಿ, ತಳ್ಳುಗಾಡಿಯ ತಳಕ್ಕಿಟ್ಟು ಮೇಲೆ ಪರದೆಗಳನ್ನು ಹೊದಿಸಿದ. ಗಾಡಿಯನ್ನು ಹಿಂಬಾಗಿಲಿನ ಮೂಟೆಗಳಿಗೆ ತಾಗಿಸಿ ನಿಲ್ಲಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಹೆಂಡತಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಅವನು ಮಹಡಿಗೆ ಹೋಗಿ ಯಜಮಾನನನ್ನು ಕರೆದ. ಕಾಗದಪತ್ರ ಎತ್ತಿಡುವವರೆಗೆ ಕಾಯಿಸಿದ ಯಜಮಾನ ಕೊನೆಗೆ ಇಳಿದು ಬಂದು, ತನ್ನ ಕೈಯಾರೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿದ. ಹೆಂಡತಿ ಆಗಲೇ ಹೋಗಿಯಾಗಿತ್ತು. ತಂಗಿಗೆ ಊಟ ಕೊಟ್ಟು, ಮಾತ್ರೆ ನುಂಗಿಸಿ ಮಲಗಿಸಿ, ಅವಳು ಮಾರುಕಟ್ಟೆಗೆ ಹೋಗುವ ದಿನ ಅದು.

ಅವನು ಎದುರುಸಾಲಿನ ಕ್ಷೌರದಂಗಡಿಯಲ್ಲಿ ಕೂತ. ಅಲ್ಲಿನ ಕನ್ನಡಿಯಲ್ಲಿ ಲಾಂಡ್ರಿಯ ತಗಡಿನ ಮಾಡು ಕಾಣುತ್ತಿತ್ತು. ತನಗಿಂತ ಆಮೇಲೆ ಬಂದವರನ್ನೂ ಮುಂದೆ ಬಿಟ್ಟ. ಅವಸರವಿಲ್ಲ ಎಂದ. ಆಮೇಲೆ ಕೂದಲು ಕತ್ತರಿಸಿಕೊಂಡ, ಗಡ್ಡ ಹೆರೆಸಿಕೊಂಡ. ಕ್ಷೌರಿಕ ತನ್ನ ಅಳಿಯನನ್ನು ಬೈಯುತ್ತಿದ್ದ, ಅವನು ಹೂಂಗುಟ್ಟುತ್ತಿದ್ದ. ಬಿಸಿಲು ಮಾಡಿನಿಂದ ಇಳಿಯತೊಡಗಿತು. ಹೊಗೆ ಕಾಣಲಿಲ್ಲ. ಕಾವು ಒಳಗೊಳಗೇ ಬೆಳೆಯುತ್ತಿರುತ್ತದೆ ಎಂದುಕೊಂಡ.

ಆಗ ಅಗ್ನಿಶಾಮಕ ಗಾಡಿಯ ಗಂಟೆ ಕೇಳಿಸಿತು. ಕೆಂಪು ಗಾಡಿ ಬೀದಿಗೆ ತಿರುಗಿ, ಲಾಂಡ್ರಿಯ ಮುಂದೆ ನಿಲ್ಲದೆ ಹಾದು, ನೀರಿನ ಟ್ಯಾಂಕಿನ ಆಚೆ ಮರೆಯಾಯಿತು.

"ನಿಮ್ಮ ಮನೆ ಕಡೆಗೇ ಹೋಯ್ತಲ್ಲ ಮೇಷ್ಟ್ರೇ," ಎಂದ ಕ್ಷೌರಿಕ ಕತ್ತಿ ಒರೆಸುತ್ತ.

ಯಾರ ಮನೆಯೋ ಏನೋ, ಪಾಪ ಎಂದ ಅವನು. ಮರುಕ್ಷಣವೇ ಇದೂ ಒಳ್ಳೆಯದಾಯಿತು ಎನಿಸಿತು. ಠಾಣೆಗೆ ಇದ್ದದ್ದು ಆ ಒಂದೇ ಗಾಡಿ. ಅದು ಅತ್ತ ಸಿಕ್ಕಿಕೊಂಡರೆ ಇತ್ತ ಬರುವುದು ತಡವಾಗುತ್ತದೆ. ಲಾಂಡ್ರಿ ತಳಮಟ್ಟ ಉರಿಯುತ್ತದೆ. ಇಷ್ಟು ಅದೃಷ್ಟವನ್ನು ಅವನು ಕೇಳಿಕೊಂಡಿರಲಿಲ್ಲ.

ತರಕಾರಿ ಚೀಲ ಹಿಡಿದು ಮಾರುಕಟ್ಟೆಯಿಂದ ಬರುತ್ತಿದ್ದ ಹೆಂಡತಿ ಅಂಗಡಿಯ ಬಾಗಿಲಲ್ಲಿ ಅವನನ್ನು ಕಂಡು ನಿಂತಳು. ಅವಳ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಒಂದು ಸಣ್ಣ ಗೆಲುವಿತ್ತು. ಅವನು ಹೊರಗೆ ಬರುತ್ತಲೇ ದನಿ ತಗ್ಗಿಸಿ ಹೇಳಿದಳು: "ರೀ, ಬೈಬೇಡಿ. ನೀವು ಮೇಲೆ ಯಜಮಾನ್ರ ಹತ್ರ ಇದ್ದಾಗ ಪರದೆ ಸರಿಮಾಡೋಣ ಅಂತ ಗಾಡಿಗೆ ಕೈ ಹಾಕಿದೆ. ತಳದಲ್ಲಿ ಟವೆಲ್ ಗಂಟು, ಕೆಂಡದ ಹಾಗಿತ್ತು. ಯಾರು ಬಿಟ್ಟು ಹೋದ್ರೋ. ಯಜಮಾನ್ರು ನೋಡಿದ್ರೆ ಎಲ್ಲರೆದುರು ನಿಮ್ಮನ್ನೇ ಆಡ್ಕೊಳ್ತಿದ್ರು. ಅಂಥದ್ದನ್ನ ಒಳಗೆ ಬಿಟ್ಟು ಹೋಗ್ಬೇಡಿ ಅಂತ ನೀವು ಅಷ್ಟು ಸಲ ಹೇಳಿದ್ರಲ್ಲ, ನಾನು ಕೇಳಿಸ್ಕೊಂಡಿದ್ದೆ. ಚೀಲಕ್ಕೆ ತುಂಬಿ ಮನೆಗೆ ತಂದ್ಬಿಟ್ಟೆ. ನಿಮ್ಮ ತಂಗಿ ಮಂಚದ ಕೆಳಗೆ ಇಟ್ಟಿದ್ದೀನಿ."